ಹಠಕ್ಕೆ ಅಂಕ ಹಾಕುವ ಪಟ್ಟಿ

ಕಚ್ಚುವ, ಚಿವುಟುವ, ಗೋಡೆಗೆ ತಲೆ ಚಚ್ಚಿಕೊಳ್ಳುವ ಮಗುವನ್ನು ತರಗತಿಯಲ್ಲಿ ಹೇಗೆ ನಿಭಾಯಿಸಬೇಕು? ಒಂದೋ ಗದರಿ ಎರಡೇಟು ಹಾಕುವುದು, ಇಲ್ಲವೇ ತಾಯಿಯನ್ನು ಕರೆಸಿ ಮನೆಗೆ ಕಳಿಸುವುದು. ಇವೆರಡನ್ನು ಬಿಟ್ಟು ಮೂರನೆಯ ದಾರಿಯೂ ಇದೆ ಎಂದು ನಮ್ಮ ವಿಶೇಷ ಶಿಕ್ಷಕರಿಗೆ ಕ್ರಮಬದ್ಧವಾಗಿ ಕಲಿಸಿದ್ದು 1992ರಲ್ಲಿ ಬಂದ ಒಂದು ಕೈಪಿಡಿ. ಸಿಕಂದರಾಬಾದಿನ ರಾಷ್ಟ್ರೀಯ ಬುದ್ಧಿಮಾಂದ್ಯರ ಸಂಸ್ಥೆ ಅದನ್ನು ಹೊರತಂದಿತು. ಬರೆದವರು ರೀಟಾ ಪೇಶಾವರಿಯಾ ಮತ್ತು ಎಸ್. ವೆಂಕಟೇಶನ್. ಇವರಲ್ಲಿ ವೆಂಕಟೇಶನ್ ಮುಂದೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು. ಈ ಕೈಪಿಡಿಯ ಜೊತೆಗಿರುವ ಬೇಸಿಕ್-ಎಂಆರ್ ಎಂಬ ಮಾಪನಪಟ್ಟಿ ಇಂದಿಗೂ ಬಳಕೆಯಲ್ಲಿದೆ. ಹಾಗಾಗಿ ಅದರ ಗುಣದೋಷಗಳನ್ನು ತೂಗಿ ನೋಡುವುದು ಹಳೆಯ ಪುಸ್ತಕದ ವಿಮರ್ಶೆಯಷ್ಟೇ ಆಗುವುದಿಲ್ಲ, ಇಂದಿನ ತರಗತಿಯ ವಿಮರ್ಶೆಯೂ ಆಗುತ್ತದೆ.

ಪಟ್ಟಿಗೆ ಎರಡು ಭಾಗ. ಮೊದಲನೆಯದರಲ್ಲಿ ಏಳು ವಿಭಾಗಗಳ 280 ಕೌಶಲಗಳಿವೆ: ಗುಂಡಿ ಹಾಕಿಕೊಳ್ಳುವುದು, ಹಣ ಎಣಿಸುವುದು ಇಂಥವು. ಮಗು ತಾನಾಗಿಯೇ ಮಾಡಿದರೆ ಐದು ಅಂಕ, ಕೈಹಿಡಿದು ಮಾಡಿಸಿದರೆ ಎರಡು. ಎರಡನೆಯ ಭಾಗದಲ್ಲಿ ಹತ್ತು ವಿಭಾಗಗಳಲ್ಲಿ 75 ಸಮಸ್ಯಾತ್ಮಕ ವರ್ತನೆಗಳಿವೆ. ಇಲ್ಲದಿದ್ದರೆ ಸೊನ್ನೆ, ಆಗೊಮ್ಮೆ ಈಗೊಮ್ಮೆ ಇದ್ದರೆ ಒಂದು, ಪದೇ ಪದೇ ಆದರೆ ಎರಡು. ಈ ಎರಡನ್ನೂ ಒಂದೇ ಮಾಪನದೊಳಗೆ ಇಟ್ಟದ್ದು ಲೇಖಕರ ದೊಡ್ಡ ಜಾಣ್ಮೆ. ಬಲಗೈ ತುಂಬ ದೂರು ಹೊತ್ತು ಬರುವ ಶಿಕ್ಷಕಿಯ ಎಡಗೈಗೆ ‘ಈ ಮಗುವಿಗೆ ಏನೇನು ಬರುತ್ತದೆ’ ಎಂಬ ಲೆಕ್ಕವನ್ನೂ ಅದು ಕೊಡುತ್ತದೆ. ಇನ್ನೊಂದು ಗುಣವೆಂದರೆ, ವರ್ತನೆಗೆ ಮೊದಲು ಏನಾಯಿತು, ಆಗ ಮಗು ಏನು ಮಾಡಿತು, ನಂತರ ಸುತ್ತಲಿನವರು ಏನು ಮಾಡಿದರು ಎಂದು ಮೂರು ಕಲಮುಗಳಲ್ಲಿ ಬರೆದಿಡಬೇಕೆನ್ನುವ ಶಿಸ್ತು. ಮನೋವೈದ್ಯರ ದಾರಿ ಕಾಯುತ್ತ ಕೂರದೆ ಶಿಕ್ಷಕಿಯೇ ಕಾರಣ ಹುಡುಕಬಹುದು ಎಂಬ ನಂಬಿಕೆ ಅದರ ಹಿಂದಿದೆ.

ತೊಡಕು ಬರುವುದು ತಂತ್ರಗಳ ಹಂತದಲ್ಲಿ. ಕಡೆಗಣಿಸುವುದು, ಟೈಮ್ ಔಟ್ (ಚಟುವಟಿಕೆಯಿಂದ ತುಸು ಹೊತ್ತು ದೂರವಿಡುವುದು), ಗಳಿಸಿದ ಬಹುಮಾನವನ್ನು ಹಿಂದಕ್ಕೆ ಪಡೆಯುವುದು, ಮಗುವನ್ನು ಕೊಂಚ ಹೊತ್ತು ಹಿಡಿದಿಡುವುದು ಮೊದಲಾದವು ಕೈಪಿಡಿಯಲ್ಲಿವೆ. ಕಾರಣ ಹುಡುಕಿದ ಮೇಲೆಯೇ ಇವನ್ನು ಆರಿಸಿಕೊಳ್ಳಬೇಕು. ಆದರೆ ತರಗತಿಯಲ್ಲಿ ನಡೆಯುವುದು ಬೇರೆ. ಮಾತು ಬಾರದ ಒಂಬತ್ತು ವರ್ಷದ ಹುಡುಗನೊಬ್ಬನನ್ನು ಕಲ್ಪಿಸಿಕೊಳ್ಳಿ. ಮಣಿ ಪೋಣಿಸುವ ತಟ್ಟೆ ಮುಂದಿಟ್ಟ ತುಸು ಹೊತ್ತಿಗೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳುತ್ತಾನೆ. ಮಿಸ್ ಅವನನ್ನು ಎಬ್ಬಿಸಿ ಮೂಲೆಯ ಕುರ್ಚಿಯಲ್ಲಿ ಕೂರಿಸುತ್ತಾರೆ, ತಟ್ಟೆ ಕಪಾಟು ಸೇರುತ್ತದೆ. ಹುಡುಗ ತಣ್ಣಗಾಗುತ್ತಾನೆ. ಟೈಮ್ ಔಟ್ ಫಲಿಸಿತು ಎಂದು ಮಿಸ್ ಬರೆದುಕೊಳ್ಳುತ್ತಾರೆ. ಹುಡುಗ ಕಲಿತದ್ದೇ ಬೇರೆ: ಕೆನ್ನೆಗೆ ಹೊಡೆದುಕೊಂಡರೆ ಬೇಡದ ಕೆಲಸ ತಪ್ಪುತ್ತದೆ. ಅವನ ಪಾಲಿಗೆ ಮೂಲೆಯ ಕುರ್ಚಿಯೇ ಬಹುಮಾನ. ಮರುದಿನ ಪೆಟ್ಟು ಇನ್ನೂ ಬೇಗ ಬೀಳುತ್ತದೆ. ಕಡೆಗಣಿಸುವ ತಂತ್ರದ ಪಾಡೂ ಇದೇ. ಲಕ್ಷ್ಯ ಸಿಗದಾದಾಗ ವರ್ತನೆ ಇಳಿಯುವ ಮೊದಲು ಹಲವೊಮ್ಮೆ ಜೋರಾಗುತ್ತದೆ. ಆ ಜೋರಿಗೆ ಹೆದರಿ ಸೋತರೆ, ಇಷ್ಟು ಕೂಗಿದರೆ ಸಾಲದು, ಅಷ್ಟು ಕೂಗಬೇಕು ಎಂದು ನಾವೇ ಹೇಳಿಕೊಟ್ಟಂತೆ.

ಇದಕ್ಕೆ ಪರಿಹಾರ ಕೈಪಿಡಿಗಿಂತ ಮೊದಲೇ ಸಿಕ್ಕಿತ್ತು. 1985ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯೂರಾಂಡ್, ಇಂಥ ವರ್ತನೆ ಎಷ್ಟೋ ಬಾರಿ ಕೇಳಿಕೆಯ ಕೆಲಸ ಮಾಡುತ್ತದೆ, ಅದೇ ಕೇಳಿಕೆಗೆ ಸುಲಭವಾದ ಇನ್ನೊಂದು ದಾರಿ ಕಲಿಸಿದರೆ ವರ್ತನೆ ತಗ್ಗುತ್ತದೆ ಎಂದು ತೋರಿಸಿದರು. ನಮ್ಮ ಹುಡುಗನಿಗೆ ‘ಸಾಕು’ ಎಂದು ಸೂಚಿಸುವ ಒಂದು ಚಿತ್ರದ ಕಾರ್ಡು ಕೊಡಿ. ಕೈ ಕೆನ್ನೆಗೆ ಏಳುವ ಮೊದಲೇ ಕಾರ್ಡನ್ನು ಮುಟ್ಟಿಸಿ, ಮುಟ್ಟಿದೊಡನೆ ತಟ್ಟೆ ತೆಗೆಯಿರಿ. ಮೊದಮೊದಲು ನಾಲ್ಕೇ ಮಣಿಗೆ ಬಿಡುವು, ಆಮೇಲೆ ಎಂಟಕ್ಕೆ. ಕೆಲಸವೂ ಉಳಿಯುತ್ತದೆ, ಕೆನ್ನೆಯೂ. ಇದಕ್ಕೆ ದುಬಾರಿ ಸಾಮಗ್ರಿ ಬೇಡ, ಶಿಕ್ಷಕಿ ಪಕ್ಕದಲ್ಲಿ ಕೂರಲು ಪುರುಸೊತ್ತು ಬೇಕು. ಹತ್ತಾರು ಮಕ್ಕಳ ಕೋಣೆಯಲ್ಲಿ ಒಬ್ಬರೇ ಮಿಸ್ ಇದ್ದರೆ, ಉಚ್ಚೆಗೆ ಕರೆದೊಯ್ಯುವುದೂ ಅನ್ನ ತಿನ್ನಿಸುವುದೂ ಅವರದೇ ಆದರೆ, ಆ ಪುರುಸೊತ್ತು ಎಲ್ಲಿಂದ ಬರಬೇಕು? ಮೂಲೆಯ ಕುರ್ಚಿ ಅಷ್ಟು ಜನಪ್ರಿಯವಾದದ್ದರ ಗುಟ್ಟು ಇಲ್ಲಿದೆ.

ಪಟ್ಟಿಯ ಒಳಗೇ ಇನ್ನೊಂದು ಕೊರತೆ ಇದೆ. ಸ್ವಯಂಹಿಂಸೆಯೂ ‘ವಿಚಿತ್ರ ವರ್ತನೆ’ಯೂ ಅಲ್ಲಿ ಒಂದೇ ಅಳತೆಯಲ್ಲಿ ಎಣಿಕೆಯಾಗುತ್ತವೆ. ಕೂತಲ್ಲೇ ತೂಗಾಡುವುದರಿಂದ, ಕೈ ಬಡಿಯುವುದರಿಂದ ಯಾರಿಗೆ ಏನು ತೊಂದರೆ? ಅನೇಕ ಆಟಿಸ್ಟಿಕ್ ವಯಸ್ಕರು ಅದು ತಮ್ಮನ್ನು ಸಮಾಧಾನಿಸಿಕೊಳ್ಳುವ ಬಗೆ ಎಂದು ಹೇಳಿದ್ದಾರೆ. ನೋಡುವವರ ಮುಜುಗರಕ್ಕೂ ಮಗುವಿನ ನೋವಿಗೂ ಅಂಕ ಕೂಡಿಸಿ ಒಂದು ಮೊತ್ತ ಮಾಡಿದರೆ, ಮೊತ್ತ ಇಳಿದದ್ದೇ ಪ್ರಗತಿ ಎನಿಸಿಬಿಡುತ್ತದೆ. ವರ್ತನಾ ವಿಜ್ಞಾನದ ಇತಿಹಾಸ ಈ ಅಪಾಯವನ್ನು ಬಲ್ಲದು. ಮನೋವಿಜ್ಞಾನಿ ಇವಾರ್ ಲೊವಾಸ್ 1987ರಲ್ಲಿ ಪ್ರಕಟಿಸಿದ ಪ್ರಸಿದ್ಧ ಅಧ್ಯಯನದಲ್ಲಿ 19 ಆಟಿಸ್ಟಿಕ್ ಮಕ್ಕಳಿಗೆ ವಾರಕ್ಕೆ 40 ಗಂಟೆ ತರಬೇತಿ ನಡೆಯಿತು. ಅವರಲ್ಲಿ ಒಂಬತ್ತು ಮಕ್ಕಳು ಇತರರಂತಾದರು ಎಂಬ ವರದಿಗೆ ಜಗತ್ತು ಬೆರಗಾಯಿತು. ಆ ತರಬೇತಿಯಲ್ಲಿ ಜೋರು ಗದರಿಕೆಯೂ ತೊಡೆಯ ಮೇಲಿನ ಪೆಟ್ಟೂ ಇದ್ದವು ಎಂಬುದು ಆ ಬೆರಗಿನಲ್ಲಿ ಹಿಂದೆ ಸರಿಯಿತು.

ಇಂದು ನಮ್ಮಲ್ಲಿ ಕಾನೂನು ಬದಲಾಗಿದೆ. ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಅಮಾನವೀಯ ವರ್ತನೆಯಿಂದ ರಕ್ಷಣೆ ಕೊಡುತ್ತದೆ. ಇವುಗಳ ಬೆಳಕಿನಲ್ಲಿ ಹಳೆಯ ಕೈಪಿಡಿಯನ್ನು ಬಿಸಾಡಬೇಕಿಲ್ಲ. ಮೂರು ಕಲಮಿನ ದಾಖಲೆ ಉಳಿಯಲಿ, 280 ಕೌಶಲಗಳ ಭಾಗವೂ ಉಳಿಯಲಿ. ಹಿಡಿದಿಡುವುದು ಜೀವಕ್ಕೋ ಕಣ್ಣಿಗೋ ಅಪಾಯವಿದ್ದಾಗಿನ ಕೊನೆಯ ಉಪಾಯವಾಗಷ್ಟೇ ಇರಲಿ. ಯಾರಿಗೂ ನೋವು ಮಾಡದ ವರ್ತನೆಗಳು ಪಟ್ಟಿಯಿಂದ ಹೊರಬೀಳಲಿ. ಪ್ರತಿ ಸಮಸ್ಯೆಯ ಎದುರು ಇನ್ನೊಂದು ಕಲಮು ಸೇರಲಿ: ಇದರ ಬದಲಿಗೆ ಮಗುವಿಗೆ ಏನು ಹೇಳಲು ಕಲಿಸಿದ್ದೇವೆ? ಆ ಕಲಮು ಖಾಲಿ ಇದ್ದರೆ, ಅಂಕ ಎಷ್ಟೇ ಇಳಿದಿರಲಿ, ಅನುತ್ತೀರ್ಣವಾದದ್ದು ನಮ್ಮ ಪಾಠವೇ.