ಆನೆ ಬಂತು, ಕರ್ಣ ಬಂದನೆ?

1934ರಲ್ಲಿ ಗುಬ್ಬಿ ವೀರಣ್ಣನವರ ಕಂಪನಿ ‘ಕುರುಕ್ಷೇತ್ರ’ ಆಡಿದಾಗ ರಂಗದ ಮೇಲೆ ನಿಜವಾದ ಆನೆ, ಕುದುರೆಗಳೇ ಬಂದವು. ಕಥೆ ಎಳೆಮಕ್ಕಳಿಗೂ ಗೊತ್ತು. ಆದರೂ ಜನ ಮುಗಿಬಿದ್ದರು. ಹಾಗೆಂದು ಗೆದ್ದದ್ದು ಆನೆಯೇ ಎನ್ನಬಹುದೆ? ಆ ಕಂಪನಿಯಲ್ಲಿ ಬಿ. ಜಯಮ್ಮನವರಂಥ ಗಾಯಕನಟಿಯೂ ಇದ್ದರೆಂಬುದನ್ನು ಮರೆಯಲಾಗದು.

ಕೆಂಗೇರಿಯ ಸುತ್ತಿನ ಊರುಗಳಲ್ಲಿ ಹವ್ಯಾಸಿಗಳು ಈಗಲೂ ಬಾಡಿಗೆ ಸೀನರಿ, ಬಣ್ಣದ ದೀಪಗಳ ನಡುವೆ ಅದೇ ಕಥೆಯನ್ನು ಆಡುತ್ತಾರೆ. ಕಿರೀಟಗಳಂತೂ ಕಣ್ಣು ಕುಕ್ಕುತ್ತವೆ! ಆದರೆ ಜನ ನಿದ್ದೆಗೆಟ್ಟು ಕೂರುವುದು, ಜನ್ಮರಹಸ್ಯ ಕೇಳಿದ ಕರ್ಣನ ದನಿ ಎಲ್ಲಿ ಒಡೆಯುತ್ತದೆಂದು ಕಾಣಲು. ಕಥೆ ತಿಳಿದಿರುವುದರಿಂದಲೇ ಆ ಕಾತರ. ಆ ಗಳಿಗೆಯಲ್ಲಿ ಪಾತ್ರಧಾರಿ ಮುಂದಿನ ಮಾತಿಗಾಗಿ ಹಾರ್ಮೋನಿಯಂ ಮಾಸ್ತರರ ಮುಖ ನೋಡಿದರೆ ಯಾವ ದೀಪ ತಾನೆ ಕಾಪಾಡೀತು? ಸೀನರಿಯ ಬಾಡಿಗೆಯಲ್ಲಿ ಅರ್ಧ ಉಳಿಸಿ ಇನ್ನೊಂದು ತಿಂಗಳ ತಾಲೀಮಿಗೆ ಸುರಿಯಬಾರದೆ?