ಸೊಲ್ಲಾಪುರದ ಹೆಗಲುನೋವು ಮತ್ತು ಒಣ ಸೂಜಿ

ಸೊಲ್ಲಾಪುರದಲ್ಲಿ ಹೆಗಲುನೋವು ಕಸುಬಿನ ಜೊತೆಗೇ ಬರುತ್ತದೆ. ಬೀಡಿ ಕಟ್ಟುವ ಹೆಂಗಸರು ತೊಡೆಯ ಮೇಲೆ ಮೊರ ಇಟ್ಟುಕೊಂಡು, ಕತ್ತು ಬಗ್ಗಿಸಿ ಕೂತು ಎಲೆ ಕತ್ತರಿಸುತ್ತಾರೆ, ತಂಬಾಕು ತುಂಬಿ ಸುತ್ತುತ್ತಾರೆ, ದಾರ ಬಿಗಿಯುತ್ತಾರೆ. ಕೂಲಿಯ ಲೆಕ್ಕ ಸಾವಿರ ಬೀಡಿಗೆ ಇಷ್ಟು ಎಂದಿರುವುದರಿಂದ ನಡುವೆ ಎದ್ದು ಮೈ ಮುರಿದರೂ ಅಷ್ಟು ದುಡ್ಡು ಹೋದಂತೆಯೇ. ಚಾದರ, ಟವೆಲ್ ನೇಯುವ ಪವರ್‌ಲೂಮಿನ ಮುಂದೆ ತಾಸುಗಟ್ಟಲೆ ನಿಲ್ಲುವವರಿಗೆ ಭುಜ ಮತ್ತು ಸೊಂಟ ನೋಯುತ್ತವೆ. ಅಕ್ಕಲಕೋಟೆ ಕಡೆ ಕಬ್ಬು ಕಡಿದು ಹೊರೆ ಹೊರುವವರಿಗೆ ನಡುವೇ ಹೋಗುತ್ತದೆ. "ನರ ಹಿಡದೈತಿ", "ಹೆಗಲಾಗ ಗಂಟು ಕಟ್ಟೇತಿ" ಎನ್ನುತ್ತ ಇವರು ಮೊದಲು ಹೋಗುವುದು ಎಣ್ಣೆ ತಿಕ್ಕುವವರ ಬಳಿಗೆ, ಆಮೇಲೆ ಅಂಗಡಿಯ ನೋವಿನ ಗುಳಿಗೆಗೆ. ಈಗ ಇನ್ನೊಂದು ದಾರಿ ತೆರೆದಿದೆ. ಫಿಸಿಯೋಥೆರಪಿ ಕ್ಲಿನಿಕ್ಕುಗಳಲ್ಲಿ ಡ್ರೈ ನೀಡಲಿಂಗ್, ಅಂದರೆ ಒಣ ಸೂಜಿ ಚಿಕಿತ್ಸೆ ಮಾಡುತ್ತಾರೆ. ಔಷಧ ತುಂಬದ, ಕೂದಲಿಗಿಂತ ತುಸು ದಪ್ಪನೆಯ ಸೂಜಿಯನ್ನು ಸ್ನಾಯುವಿನೊಳಗೆ ಇಳಿಸುವ ಚಿಕಿತ್ಸೆ ಅದು.

ಇದು ನಿಜವಾದ ಚಿಕಿತ್ಸೆಯೇ ಅಥವಾ ಹೊಸ ಬೋರ್ಡು ತಗುಲಿಸಿಕೊಂಡ ಹಳೆಯ ನಂಬಿಕೆಯೇ? ದಿನದ ಕೂಲಿ ಬಿಟ್ಟು ಅಕ್ಕಲಕೋಟೆಯಿಂದ ಸುಮಾರು 40 ಕಿಲೋಮೀಟರ್ ಬಸ್ಸಿನಲ್ಲಿ ಬರುವ ರೋಗಿಗೆ ಈ ಪ್ರಶ್ನೆಗೆ ನೇರ ಉತ್ತರ ಸಿಗಬೇಕು.

ಚಿಕಿತ್ಸೆಯ ಕ್ರಮ ಹೀಗಿದೆ. ಕುತ್ತಿಗೆಯಿಂದ ಭುಜಕ್ಕೆ ಇಳಿಯುವ ಟ್ರೆಪೀಜಿಯಸ್ ಸ್ನಾಯುವನ್ನು ಚಿಕಿತ್ಸಕರು ಹೆಬ್ಬೆರಳು ಮತ್ತು ಬೆರಳುಗಳ ನಡುವೆ ಹಿಡಿದು ಎತ್ತುತ್ತಾರೆ. ಒತ್ತಿದರೆ ರೋಗಿ "ಅಲ್ಲೇ, ಅಲ್ಲೇ" ಎನ್ನುವ ಬಿಗಿಯಾದ ಎಳೆಯನ್ನು ಹುಡುಕುತ್ತಾರೆ. ಪ್ಲಾಸ್ಟಿಕ್ ನಳಿಕೆಯಲ್ಲಿಟ್ಟ ಸೂಜಿಗೆ ಒಂದು ತಟ್ಟು ಕೊಟ್ಟು ಒಳಗಿಳಿಸಿ, ಮೇಲೆ ಕೆಳಗೆ ಆಡಿಸುತ್ತಾರೆ. ಸ್ನಾಯು ಒಮ್ಮೆ ತಾನಾಗಿ ಫಕ್ಕನೆ ಅದುರುತ್ತದೆ. ಆ ಅದುರು ಬಂದರೆ ಸರಿಯಾದ ಜಾಗ ಸಿಕ್ಕಿತು ಎಂದು ಈ ವಿದ್ಯೆಯವರು ಹೇಳುತ್ತಾರೆ. ಮುಂದೆ ಒಂದೆರಡು ದಿನ ಆ ಜಾಗ ನೊಂದುಕೊಂಡಿರುತ್ತದೆ.

ಸೂಜಿ ಚಿಕಿತ್ಸೆಯ ಇತಿಹಾಸದಲ್ಲಿ ಸೊಲ್ಲಾಪುರದ ಹೆಸರೂ ಇದೆ. 1938ರಲ್ಲಿ ಚೀನಾಕ್ಕೆ ಹೋದ ಐವರು ಭಾರತೀಯ ವೈದ್ಯರಲ್ಲಿ ಒಬ್ಬರಾದ ಡಾ. ದ್ವಾರಕಾನಾಥ ಕೋಟ್ನಿಸ್ ಹುಟ್ಟಿದ್ದು 1910ರಲ್ಲಿ ಇದೇ ಊರಿನಲ್ಲಿ. ಅವರು ಚೀನಾದಲ್ಲಿ ಶಸ್ತ್ರಚಿಕಿತ್ಸಕರಾಗಿ ದುಡಿದು 1942ರಲ್ಲಿ ಅಲ್ಲೇ ತೀರಿಕೊಂಡರು. ಅವರ ಜೊತೆಗಾರ ಡಾ. ಬಿಜಯ್ ಕುಮಾರ್ ಬಸು ಮುಂದೆ ಚೀನಾಕ್ಕೆ ಮತ್ತೆ ಹೋಗಿ ಅಕ್ಯುಪಂಕ್ಚರ್ ಕಲಿತು, 1950ರ ದಶಕದ ಕೊನೆಯಲ್ಲಿ ಅದನ್ನು ಕಲ್ಕತ್ತೆಗೆ ತಂದರು. ಕೋಟ್ನಿಸ್ ಹೆಸರಿನ ಸಮಿತಿಯ ಮೂಲಕ ಅದು ದೇಶದಲ್ಲಿ ಹರಡಿತು. ಡ್ರೈ ನೀಡಲಿಂಗ್ ಮಾಡುವವರು ತಮ್ಮ ವಿದ್ಯೆ ಅಕ್ಯುಪಂಕ್ಚರ್ ಅಲ್ಲ ಎಂದು ಒತ್ತಿ ಹೇಳುತ್ತಾರೆ. ಅವರ ತರ್ಕ ಬೇರೆ ಇರುವುದು ನಿಜ, ಅಲ್ಲಿ ಚೀ ಎಂಬ ಶಕ್ತಿಯ ಮಾತಿಲ್ಲ, ಸ್ನಾಯುವಿನ ಮಾತಿದೆ. ಆದರೆ ಸೂಜಿ ಮಾತ್ರ ಅದೇ.

ಈ ಸ್ನಾಯುವಿನ ತರ್ಕ ಅಮೆರಿಕದ ಡಾ. ಜಾನೆಟ್ ಟ್ರಾವೆಲ್ ಅವರಿಂದ ಬಂತು. ಅಧ್ಯಕ್ಷ ಕೆನಡಿಯವರ ವೈದ್ಯೆಯಾಗಿದ್ದ ಆಕೆ ಡೇವಿಡ್ ಸೈಮನ್ಸ್ ಜೊತೆಗೂಡಿ 1983ರಲ್ಲಿ ಪ್ರಕಟಿಸಿದ ಗ್ರಂಥ 'ಟ್ರಿಗರ್ ಪಾಯಿಂಟ್' (ಬಿಗಿಯಾದ ಎಳೆಯಲ್ಲಿನ ನೋವಿನ ಗಂಟು) ಎಂಬ ಕಲ್ಪನೆಯನ್ನು ಕ್ಲಿನಿಕ್ಕುಗಳಿಗೆ ಮುಟ್ಟಿಸಿತು. ಅದಕ್ಕೂ ಮೊದಲೇ, 1979ರಲ್ಲಿ, ಚೆಕ್ ವೈದ್ಯ ಕಾರೆಲ್ ಲೆವಿಟ್ 241 ರೋಗಿಗಳ ಅನುಭವ ಬರೆದಿದ್ದರು. ಸೂಜಿ ಚುಚ್ಚಿದ 312 ನೋವಿನ ತಾಣಗಳಲ್ಲಿ ಶೇ. 86.8ರಷ್ಟು ಕಡೆ ನೋವು ಕೂಡಲೇ ತಗ್ಗಿತು, ಕೆಲಸ ಮಾಡಿದ್ದು ಔಷಧವಲ್ಲ, ಚುಚ್ಚಿದ ಸೂಜಿಯೇ ಎಂಬುದು ಅವರ ವಾದ. ಈ ಅಂಕಿ ಇಂದಿಗೂ ಉಪನ್ಯಾಸಗಳಲ್ಲಿ ಕೇಳಿಬರುತ್ತದೆ. ಆದರೆ ಲೆವಿಟ್ ಅವರಲ್ಲಿ ಹೋಲಿಕೆಗೆಂದು ಬೇರೆ ಗುಂಪು ಇರಲಿಲ್ಲ. ಸುಮ್ಮನಿದ್ದರೂ ಎಷ್ಟೋ ಸ್ನಾಯುನೋವು ತಾನೇ ಇಳಿಯುತ್ತದೆ, ಚುಚ್ಚಿಸಿಕೊಂಡೆ ಎಂಬ ನಂಬಿಕೆಯಿಂದಲೂ ಇಳಿಯುತ್ತದೆ.

ಹೋಲಿಕೆ ಮಾಡಿದಾಗ ಏನಾಯಿತು? 1989ರಲ್ಲಿ ಗಾರ್ವಿ ಮತ್ತು ಸಂಗಡಿಗರು ಸೊಂಟನೋವಿನ 63 ಜನರನ್ನು ನಾಲ್ಕು ಗುಂಪು ಮಾಡಿದರು. ಎರಡು ಗುಂಪಿಗೆ ಔಷಧದ ಚುಚ್ಚುಮದ್ದು, ಒಂದಕ್ಕೆ ಬರೀ ಸೂಜಿ. ನಾಲ್ಕನೆಯದಕ್ಕೆ ಚುಚ್ಚಲೇ ಇಲ್ಲ, ತಂಪು ಸ್ಪ್ರೇ ಹೊಡೆದು ಸೂಜಿಯ ಪ್ಲಾಸ್ಟಿಕ್ ಮುಚ್ಚಳದಿಂದ ಆ ಜಾಗವನ್ನು ಒತ್ತಿದರು ಅಷ್ಟೇ. ಔಷಧವಿಲ್ಲದ ಗುಂಪುಗಳು ಔಷಧದ ಗುಂಪುಗಳಿಗಿಂತ ಹಿಂದೆ ಬೀಳಲಿಲ್ಲ. ಇದರಿಂದ ಒಣ ಸೂಜಿಯವರಿಗೆ ಸಂತೋಷವಾಗಬಹುದು, ಆದರೆ ಸೂಜಿಯೇ ಬೇಕೇ ಎಂಬ ಪ್ರಶ್ನೆಯೂ ಅದರ ಬೆನ್ನಿಗೇ ಬರುತ್ತದೆ. 2017ರಲ್ಲಿ ಗ್ಯಾಟಿ ಮತ್ತು ಸಂಗಡಿಗರು, ಫಿಸಿಯೋಥೆರಪಿಸ್ಟರು ಮಾಡಿದ ಡ್ರೈ ನೀಡಲಿಂಗ್‌ನ 13 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಸುಳ್ಳು ಸೂಜಿಗಿಂತ, ಏನೂ ಮಾಡದಿರುವುದಕ್ಕಿಂತ ಇದು ಮೇಲು. ಆ ಲಾಭ ಹನ್ನೆರಡು ವಾರಗಳವರೆಗೆ ಕಾಣುತ್ತದೆ. ಪುರಾವೆಯ ಗುಣಮಟ್ಟ ಮಾತ್ರ ತೀರಾ ಕಡಿಮೆಯಿಂದ ಮಧ್ಯಮ. ದೀರ್ಘಕಾಲದಲ್ಲಿ ಇತರ ಫಿಸಿಯೋಥೆರಪಿಗಿಂತ ಇದು ಮೇಲೆಂದು ತೋರಿಸುವ ಆಧಾರ ಸಿಗಲಿಲ್ಲ.

ಬ್ರಿಟನ್ನಿನ ಚಿಕಿತ್ಸಾ ಮಾರ್ಗಸೂಚಿ ಸಂಸ್ಥೆ 'ನೈಸ್' ಕೂಡ ಇಂಥ ಇಕ್ಕಟ್ಟಿನಲ್ಲೇ ಇದೆ. 2016ರಲ್ಲಿ ಸೊಂಟನೋವಿಗೆ ಅಕ್ಯುಪಂಕ್ಚರ್ ಕೊಡಬೇಡಿ ಎಂದಿತು. 2021ರಲ್ಲಿ, ಬೇರೆ ಕಾರಣ ಸಿಗದ ದೀರ್ಘಕಾಲದ ನೋವಿಗೆ ಅಕ್ಯುಪಂಕ್ಚರ್ ಅಥವಾ ಡ್ರೈ ನೀಡಲಿಂಗ್‌ನ ಒಂದು ಸುತ್ತನ್ನು ಪರಿಗಣಿಸಬಹುದು ಎಂದಿತು, ಅದೂ ಐದು ಗಂಟೆಯ ಚಿಕಿತ್ಸಾ ಸಮಯದ ಮಿತಿಯೊಳಗೆ. ತಿಂಗಳುಗಟ್ಟಲೆ ಬಂದು ಚುಚ್ಚಿಸಿಕೊಳ್ಳಿ ಎಂದು ಅದು ಹೇಳಿಲ್ಲ.

ಇನ್ನು ಆ ಗಂಟಿನ ವಿಚಾರ. 1992ರಲ್ಲಿ ವೂಲ್ಫ್ ನೇತೃತ್ವದಲ್ಲಿ ಒಂದು ಅಧ್ಯಯನ ನಡೆಯಿತು, ಅದರ ಲೇಖಕರಲ್ಲಿ ಸ್ವತಃ ಸೈಮನ್ಸ್ ಇದ್ದರು. ಸ್ನಾಯುನೋವಿನವರು, ಮೈಯೆಲ್ಲ ನೋಯುವ ಫೈಬ್ರೊಮಯಾಲ್ಜಿಯಾ ಇರುವವರು, ಯಾವ ರೋಗವೂ ಇಲ್ಲದವರು ಹೀಗೆ ಮೂರು ಬಗೆಯ ಜನರನ್ನು, ಯಾರು ಯಾರೆಂದು ತಿಳಿಸದೆ, ಪರಿಣತರ ಕೈಗೆ ಒಪ್ಪಿಸಿದರು. ಬಿಗಿಯಾದ ಎಳೆಗಳು ಸುಮಾರು ಅರ್ಧದಷ್ಟು ಕಡೆ ಸಿಕ್ಕವು, ಮೂರೂ ಗುಂಪಿನಲ್ಲಿ ಒಂದೇ ಸಮನಾಗಿ. ಅದುರುವಿಕೆಯ ಕತೆಯೂ ಅದೇ. ಆರೋಗ್ಯವಂತರ ಹೆಗಲಲ್ಲೂ ಸಿಗುವ ಗಂಟೇ ನೋವಿನ ಮೂಲ ಎನ್ನುವುದು ಹೇಗೆ? 2015ರಲ್ಲಿ ಕ್ವಿಂಟ್ನರ್, ಬೋವ್ ಮತ್ತು ಕೋಹೆನ್ ಈ ಸಿದ್ಧಾಂತವನ್ನೇ ತಳ್ಳಿಹಾಕಿದರು. ಇತ್ತ ಸಂಶೋಧಕ ಜೇ ಶಾ ಅವರ ತಂಡ 2005ರಲ್ಲಿ ಅತಿಸೂಕ್ಷ್ಮ ಸೂಜಿಯಿಂದ ನೋವಿನ ತಾಣದ ದ್ರವ ತೆಗೆದು ನೋಡಿದಾಗ ಆಮ್ಲತೆಯೂ ನೋವಿನ ರಾಸಾಯನಿಕಗಳೂ ಹೆಚ್ಚಾಗಿದ್ದವು. ಅಲ್ಲೇನೋ ನಡೆಯುತ್ತಿದೆ, ಅಷ್ಟು ನಿಜ. ಅದನ್ನು ಬೆರಳಿನಿಂದ ಕರಾರುವಾಕ್ಕಾಗಿ ಹುಡುಕಬಹುದು, ಸೂಜಿಯಿಂದ ಒಡೆಯಬಹುದು ಎಂಬ ಭರವಸೆಗೆ ಮಾತ್ರ ಅಷ್ಟು ಬಲವಿಲ್ಲ. "ಗಂಟು ಬಿಡಿಸಿದೆ" ಎಂದು ರೋಗಿಗೆ ಹೇಳುವವರು ತಮಗೆ ಗೊತ್ತಿರುವುದಕ್ಕಿಂತ ಹೆಚ್ಚನ್ನು ಹೇಳುತ್ತಿದ್ದಾರೆ.

ಅಪಾಯವನ್ನು ಉತ್ಪ್ರೇಕ್ಷಿಸಬಾರದು, ಮುಚ್ಚಿಡಲೂ ಬಾರದು. ಐರ್ಲೆಂಡಿನಲ್ಲಿ 39 ಫಿಸಿಯೋಥೆರಪಿಸ್ಟರು 7,629 ಸಲ ಚಿಕಿತ್ಸೆ ಕೊಟ್ಟು ಬರೆದಿಟ್ಟ ಲೆಕ್ಕ 2014ರಲ್ಲಿ ಪ್ರಕಟವಾಯಿತು. ಸುಮಾರು ಶೇ. 19ರಷ್ಟು ಸಲ ಚರ್ಮ ಕಂದುವುದು, ತುಸು ರಕ್ತ ಬರುವುದು, ನೋಯುವುದು ಇಂಥ ಸಣ್ಣ ತೊಂದರೆಗಳಾದವು, ಗಂಭೀರವಾದದ್ದು ಒಂದೂ ಇಲ್ಲ. ಆದರೆ ಹೆಗಲಿನ ಆ ಸ್ನಾಯುವಿನ ಕೆಳಗೇ ಶ್ವಾಸಕೋಶದ ತುದಿ ಇದೆ. ಸ್ನಾಯುವನ್ನು ಬೆರಳಲ್ಲಿ ಹಿಡಿದು ಎತ್ತುವುದು ಆ ಕಾರಣಕ್ಕೇ. 2013ರಲ್ಲಿ ಅಮೆರಿಕದ ಸ್ಕೀ ಆಟಗಾರ ಟೋರಿನ್ ಯೇಟರ್-ವಾಲೆಸ್ ಈ ಚಿಕಿತ್ಸೆಯಲ್ಲಿ ಸೂಜಿ ತಾಗಿ ಶ್ವಾಸಕೋಶ ಕುಸಿದು ಆಸ್ಪತ್ರೆ ಸೇರಬೇಕಾಯಿತು. ಬೀಡಿ ಕೆಲಸದ ಮೈಗಳು ಬಹುಪಾಲು ತೆಳ್ಳಗೆ, ಅಲ್ಲಿ ಸೂಜಿಗೂ ಶ್ವಾಸಕೋಶಕ್ಕೂ ನಡುವಿನ ಅಂತರ ಇನ್ನೂ ಕಡಿಮೆ. ಎರಡು ಮೂರು ದಿನದ ಕಾರ್ಯಾಗಾರ ಮುಗಿಸಿ ಪ್ರಮಾಣಪತ್ರ ಗೋಡೆಗೆ ತೂಗುಹಾಕುವ ರೂಢಿ ದೇಶದಲ್ಲೆಲ್ಲ ಇರುವಾಗ ಇದು ಸಣ್ಣ ಮಾತಲ್ಲ. ಮಹಾರಾಷ್ಟ್ರದಲ್ಲಿ ಫಿಸಿಯೋಥೆರಪಿಗೆ ರಾಜ್ಯ ಕೌನ್ಸಿಲ್ ಇದೆ, ಅಕ್ಯುಪಂಕ್ಚರಿಗೆ ಬೇರೆಯೇ ಕಾನೂನಿದೆ. ರೋಗಿ ನೋಂದಣಿ ಸಂಖ್ಯೆ ಕೇಳುವುದು ಅವಮಾನವಲ್ಲ, ಹಕ್ಕು.

ಹಾಗಾದರೆ ತೀರ್ಪೇನು? ಒಣ ಸೂಜಿ ಬೂಟಾಟಿಕೆಯಲ್ಲ. ಕುತ್ತಿಗೆ, ಭುಜದ ನೋವಿನಲ್ಲಿ ಕೆಲವು ವಾರಗಳ ಉಪಶಮನ ಕೊಡುವ ಪೂರಕ ಚಿಕಿತ್ಸೆಯಾಗಿ ಅದಕ್ಕೆ ಜಾಗವಿದೆ. ಗುಳಿಗೆ ನುಂಗಿ ನುಂಗಿ ಹೊಟ್ಟೆ, ಮೂತ್ರಪಿಂಡ ಕೆಡಿಸಿಕೊಳ್ಳುವುದಕ್ಕಿಂತ ಇದು ಎಷ್ಟೋ ಮೇಲು. ಆ ಬಿಡುವಿನಲ್ಲಿ ಹೆಗಲಿಗೆ ಬಲ ತರುವ ವ್ಯಾಯಾಮ ಕಲಿಸಿದರೆ, ಕೂರುವ ಭಂಗಿ ತಿದ್ದಿದರೆ ಕೊಟ್ಟ ದುಡ್ಡು ಸಾರ್ಥಕ. ಚುಚ್ಚಿ ಕಳಿಸಿ ಮುಂದಿನ ವಾರ ಮತ್ತೆ ಬಾ ಎಂದರೆ ಅದು ರೋಗಿಯ ಜೇಬಿಗೆ ಮಾಡಿದ ಅನ್ಯಾಯ. ಬೀಡಿ ಕಟ್ಟುವವರಿಗೆ ಬೆನ್ನಿಗೊಂದು ಆಸರೆ, ಮೊರ ಎತ್ತರಿಸಲು ಒಂದು ಮಣೆ, ತಾಸಿಗೊಮ್ಮೆ ಎರಡು ನಿಮಿಷದ ಬಿಡುವು, ಆ ಬಿಡುವಿಗೆ ಕೂಲಿ ಕಡಿಯದ ಮಾಲೀಕ ಇವೂ ಚಿಕಿತ್ಸೆಯ ಭಾಗವೇ. ಇವನ್ನು ಯಾವ ಕ್ಲಿನಿಕ್ಕೂ ಒಂಟಿಯಾಗಿ ಕೊಡಲಾರದು. ಕಾರ್ಮಿಕ ಸಂಘಗಳು ಕೂಲಿ ದರದಷ್ಟೇ ಗಟ್ಟಿಯಾಗಿ ಇದನ್ನೂ ಕೇಳಬೇಕು.

ಚುಚ್ಚಿಸಿಕೊಳ್ಳಲು ಹೊರಟವರಿಗೆ ಕೆಲವು ಮಾತು. ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಒಡೆಯಲು ಹೇಳಿ. ರಕ್ತ ತೆಳುವಾಗಿಸುವ ಗುಳಿಗೆ ತಗೊಳ್ಳುತ್ತಿದ್ದರೆ, ಬಸುರಿಯಾಗಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ತಿಳಿಸಿ. ಬೆನ್ನುನೋವಿನ ಜೊತೆ ಜ್ವರ, ತೂಕ ಇಳಿಯುವುದು, ಕಾಲು ಜೋಮು ಹಿಡಿಯುವುದು, ಮೂತ್ರ ಕಟ್ಟುವುದು ಕಂಡರೆ ಸೂಜಿಯ ಗೊಡವೆಗೆ ಹೋಗದೆ ವೈದ್ಯರನ್ನು ಕಾಣಿ, ಬೆನ್ನುಮೂಳೆಯ ಕ್ಷಯವೂ ಹೀಗೆಯೇ ಶುರುವಾಗುತ್ತದೆ. ಹೆಗಲಿಗೋ ಬೆನ್ನಿಗೋ ಚುಚ್ಚಿಸಿಕೊಂಡ ಮೇಲೆ ಉಸಿರು ಕಟ್ಟಿದಂತಾದರೆ, ಎದೆ ಚುಚ್ಚಿದರೆ, ಬೆಳಗಾಗಲಿ ಎಂದು ಕಾಯದೆ ಅಂದೇ ಸೊಲ್ಲಾಪುರದ ಸಿವಿಲ್ ಆಸ್ಪತ್ರೆಗೆ ಹೋಗಿ ಎದೆಯ ಎಕ್ಸ್-ರೇ ತೆಗೆಸಿ.