ಸುಲ್ತಾನ್ ಖಾನರ ಐದನೆಯ ನಡೆ

ಮೀರ್ ಸುಲ್ತಾನ್ ಖಾನರ ಕಥೆ ಹೇಳುವವರೆಲ್ಲ ಒಂದೇ ರಾಗ ಎಳೆಯುತ್ತಾರೆ: ಪಂಜಾಬಿನ ಹಳ್ಳಿಯ ಅನಕ್ಷರಸ್ಥ ಸೇವಕ, ದಣಿ ಸರ್ ಉಮರ್ ಹಯಾತ್ ಖಾನರ ಜೊತೆ ಲಂಡನ್ನಿಗೆ ಹೋದ, ಚದುರಂಗದ ಪುಸ್ತಕ ಮುಟ್ಟದೆಯೇ ಚಾಂಪಿಯನ್ ಆದ. 1929, 1932, 1933ರಲ್ಲಿ ಅವರು ಬ್ರಿಟಿಷ್ ಚಾಂಪಿಯನ್ ಆದದ್ದು ನಿಜ. ಉಳಿದದ್ದನ್ನು ನಂಬುವ ಮೊದಲು ಅವರ ಆಟಗಳ ದಾಖಲೆಯನ್ನು ಓದಬೇಕು. ಆ ಮನುಷ್ಯನ ಬುದ್ಧಿ ನಮಗೆ ನೇರವಾಗಿ ಸಿಗುವುದು ಅಲ್ಲಿಯೇ.

1930-31ರ ಹೇಸ್ಟಿಂಗ್ಸ್ ಪಂದ್ಯಾವಳಿಯಲ್ಲಿ ಅವರು ಮಾಜಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾರನ್ನು ಸೋಲಿಸಿದ ಆಟವನ್ನೇ ನೋಡಿ. ಐದನೆಯ ನಡೆಯಲ್ಲಿ ಬಿಳಿಯ ಸುಲ್ತಾನ್ ಖಾನ್ ಅಂಚಿನ ಕಾಲಾಳನ್ನು ಎ3ಕ್ಕೆ, ಒಂದೇ ಒಂದು ಮನೆ ಸರಿಸುತ್ತಾರೆ. ದೇಶಿ ಶತರಂಜಿನಲ್ಲಿ ಪ್ಯಾದೆ ಮೊದಲ ಸಲವೂ ಒಂದೇ ಮನೆ ನಡೆಯುತ್ತದೆ; ಹಳೆಯ ಅಭ್ಯಾಸ ಬಿಟ್ಟಿಲ್ಲ ಎಂದು ನಗುವವರು ನಗಬಹುದು. ಆದರೆ ಕಪ್ಪು ಒಂಟೆ ಬಿ4ಕ್ಕೆ ಬಂದು ಬಿಳಿಯ ಕುದುರೆಯನ್ನು ಕಟ್ಟಿಹಾಕದಂತೆ ಈ ಪುಟ್ಟ ನಡೆ ದಾರಿ ಮುಚ್ಚುತ್ತದೆ. ಮುಂದೆ ಇದೇ ಕ್ರಮಕ್ಕೆ ಪೆಟ್ರೋಸಿಯನ್ ಹೆಸರು ಬಿತ್ತು. 1980ರ ದಶಕದಲ್ಲಿ ಕಾಸ್ಪರೋವ್ ಕೈಯಲ್ಲಿ ಅದು ಹರಿತವಾದ ಆಯುಧವಾಯಿತು. ಪೆಟ್ರೋಸಿಯನ್ ಆಡಿದರೆ ಸಿದ್ಧಾಂತ, ಸುಲ್ತಾನ್ ಖಾನ್ ಆಡಿದರೆ ಹುಟ್ಟುಗುಣ! ಇದೆಂಥ ನ್ಯಾಯ?

ಅವರ ಎಲ್ಲ ಆರಂಭಗಳೂ ಚೆನ್ನಾಗಿದ್ದವು ಎನ್ನಲಾರೆ. ಈ ಆಟದಲ್ಲೂ ರಾಜ ಕೋಟೆ ಸೇರುವುದೇ ಇಲ್ಲ. ಕಾಪಾಬ್ಲಾಂಕಾ ಎರಡು ಆನೆಗಳನ್ನು ಬಿಳಿಯ ಮನೆಯೊಳಗೇ ನುಗ್ಗಿಸಿ, ಅವೆರಡನ್ನೂ ಕೊಟ್ಟು ಮಂತ್ರಿಯನ್ನು ಹೊಡೆಯುತ್ತಾರೆ. 24ನೆಯ ನಡೆಯಲ್ಲಿ ಬಿಳಿಯ ರಾಜನೇ ಮುಂದೆ ಬಂದು ಎರಡನೆಯ ಆನೆಯನ್ನು ತೆಗೆದುಬಿಡುತ್ತಾನೆ. ಅಲ್ಲಿಂದ ನಲವತ್ತೊಂದು ನಡೆಗಳ ತಾಳ್ಮೆ. ಕಾಲಾಳುಗಳು ಎದುರುಬದುರಾಗಿ ಸಿಕ್ಕಿಕೊಂಡ ಹಾಸಿನ ಮೇಲೆ ಕಪ್ಪು ಮಂತ್ರಿಗೆ ಹೊಡೆಯಲು ಏನೂ ಸಿಗುವುದಿಲ್ಲ. ಬಿಳಿಯ ಆನೆಗಳು ಅವಸರವಿಲ್ಲದೆ ದಾರಿ ತೆರೆಯುತ್ತವೆ. 65ಕ್ಕೆ ಆಟ ಮುಗಿಯುತ್ತದೆ. ಇದು ಲೆಕ್ಕ ಬಲ್ಲವನ ಆಟ, ಪವಾಡವಲ್ಲ.

2020ರಲ್ಲಿ ಡೇನಿಯಲ್ ಕಿಂಗ್ ಅವರ ಬಗ್ಗೆ ಬರೆದ ಪುಸ್ತಕದ ಹೆಸರಿನಲ್ಲೇ ‘ಭಾರತೀಯ ಸೇವಕ’ ಎಂದಿದೆ. ಮೊಮ್ಮಗಳು ಅದನ್ನು ಒಪ್ಪಲಿಲ್ಲ. ತಾತ ಜಮೀನುದಾರ ಮನೆತನದವರು, ಓದುಬರಹ ಬಲ್ಲವರು ಎಂದು ಬರೆದರು. 2024ರಲ್ಲಿ ವಿಶ್ವ ಚದುರಂಗ ಒಕ್ಕೂಟ ಅವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಕೊಟ್ಟಿತು. ಅವರು ತೀರಿಹೋದದ್ದು 1966ರಲ್ಲಿ.